ಎರಡು ಜಾತಿ ಮಷೀನಿಗೆ ಒಂದ ಕಾರಭಾರ

ನಗೂವಂಥಾ ಪ್ರಸಂಗ ನಾ ಹುಡುಕಿಕೊಂಡು ಹೋದಾಂವಲ್ಲ. ಅವ ನನ್ನ ಹುಡುಕಿಕೊಂಡು ಬರತಾವ. ಬಂದು ಬಂದು ನನಗೂ ಸಾಕಾಗೇತಿ. ಎರಡು ಜಾತಿ ಕಂಪ್ಯೂಟರಿಗೆ ಒಂದ ಕಾರಭಾರ ನಡಸೂ ಹಾದಿ ತೋರಿಸಿದಾಂವ ನಾನು, ಸಾಲಿ ಮೆಟ್ಟಲಾ ಹತ್ತದಾಂವ. ಖಾತ್ರಿ ಮಾಡಿಕೊಳ್ಳೋಣಂದ್ರ ಆವಾಗ ಇದ್ದ ಸಾಹೇಬ ಎಲ್ಲಿ ಹೋದನೋ, ಅವನ ಸಂಗಡ ಬಂದಿದ್ದ ಇಂಜಿನಿಯರ್ ಬಾಯಾರ ಪತ್ತೆ ಇಲ್ಲ, ಬಂಗ್ಲೆ ಬಿದ್ದೇತಿ.

ಅಣಶಿ ಅಡವಿ ಹಂತ್ಯಾಕ ಒಂದು ಖಾಸಗಿ ಬಂಗ್ಲೇದಾಗ ನಾ ಅಡಿಗಿ ಮಾಡಿ, ಹಾಸಿಗಿ ಹಾಸತಿದ್ದೆ. ತೊಂಬತ್ತರ ದಶಕದ ಕೊನಿ. ಜೀಪಿನಿಂದ ಒಬ್ಬ ಸಾಹೇಬ, ನಾವು ಬಾಯಾರು ಅಂತಿದ್ದ ಒಬ್ಬರು ಇಂಜಿನಿಯರ್ ಹೆಣ್ಣಮಗಳು, ಎರಡು ಕಂಪ್ಯೂಟರ್ ಇಳದ್ವು. ಒಂದು ಸಾಹೇಬಂದು, ಇನ್ನೊಂದು ಬಾಯಾರದು; ಎರಡರ ಪ್ರೊಸೆಸರೂ ಬ್ಯಾರೆ ಜಾತಿ. ಕಂಪ್ಯೂಟರಿನ ಒಳಗ ಕರ್ನೆಲ್ ಅಂತ ಒಬ್ಬ ಕಾರಭಾರಿ ಇರತಾನಂತ. ಯಾವ ಕೆಲಸಕ್ಕ ಎಷ್ಟು ಮೆಮೊರಿ ಜಾಗಾ ಅಂತ ಹಂಚೂದು ಅವನ ಕೆಲಸ. ಆ ಹಂಚಿಕಿ ಕೋಡ್ ಎರಡು ಮಷೀನಿಗೂ ಬ್ಯಾರೆ ಬ್ಯಾರೆ ಬರದಿದ್ರು. ಒಂದರಾಗ ತಪ್ಪು ತಿದ್ದಿದ್ರ ಇನ್ನೊಂದರಾಗ ಹಂಗ ಉಳೀತಿತ್ತು. ಎರಡಕ್ಕೂ ಒಂದ ಕೋಡ್ ಆಗಬೇಕು, ಇಲ್ಲಾಂದ್ರ ಬಾಯಾರ ಮಷೀನೂ ಬಂದ್, ಬಾಯಾರ ನೌಕರಿನೂ ಬಂದ್ ಅಂತ ಮ್ಯಾಲಿನವರ ಹುಕುಂ.

ಚಾದರ

ಬಂಗ್ಲೇದಾಗ ಕೆಳಗಿನ ಖೋಲ್ಯಾಗ ಸಣ್ಣ ಮಂಚ, ಮ್ಯಾಲಿನ ಖೋಲ್ಯಾಗ ದೊಡ್ಡ ಮಂಚ. ಎರಡು ನಮೂನಿ ಚಾದರ ಒಗದು ಮಡಚಿ ನನಗ ತಲಿ ಕೆಟ್ಟಿತ್ತು. ಇವರ ಮಾತು ಕೇಳಿ ನಾನೂ ಎಲ್ಲಾ ಚಾದರ ಸಣ್ಣ ಮಂಚದ ಅಳತಿಗೆ ಕತ್ತರಿಸಿಬಿಟ್ಟೆ.

ಮುಂಜಾನೆ ಬಾಯಾರು ಕೆಳಗ ಬಂದ್ರು. "ಕಾಕಾ, ಚಾದರ ಮಣಕಾಲಿಗೇ ಮುಗೀತದಲ್ಲರಿ?"

"ಎಲ್ಲಾ ಒಂದ ಮಾಡೇನ್ರಿ. ನೀವ ಹೇಳತಿದ್ರಲ್ಲಾ."

ಸಾಹೇಬ ಹೊಟ್ಟಿ ಹಿಡಕೊಂಡು ನಕ್ಕ. ಬಾಯಾರು ನಗಲಿಲ್ಲ. "ಸರ್, ನೀವೂ ಇದನ್ನ ಮಾಡೀರಿ. ನಿಮ್ಮ ಮಷೀನಿನ್ಯಾಗ ಮೆಮೊರಿ ತುಂಡು ಸಣ್ಣವು. ಅದ ಅಳತಿ ಕೋಡಿನಾಗ ಬರದೀರಿ. ನನ್ನ ಮಷೀನಿನ ತುಂಡು ಅದರ ಎರಡು ಪಟ್ಟು ಅದಾವ."

ಸಾಹೇಬ ನಗೂದು ಬಿಟ್ಟು ತನ್ನ ಕೋಡ್ ತಗದು ನೋಡಿದ. "ಇನ್ನ ಇಬ್ಬರೂ ಕತ್ತರಿ ಮುಟ್ಟಬ್ಯಾಡ್ರಿ" ಅಂದ್ರು ಬಾಯಾರು.

ಚೀಲ

"ಜಾಗಾ ಪೂರಾ ತುಂಬಿದ್ರ ನಿಮ್ಮ ಕಾರಭಾರಿ ಏನ ಮಾಡತಾನ್ರಿ?" ಅಂತ ಕೇಳಿದೆ.

"ಬಾಳ ಹೊತ್ತು ಯಾರೂ ಮುಟ್ಟಲಾರದ್ದನ್ನ ಹೊರಗ ಇಡತಾನ, ಕೇಳಿದಾಗ ಒಳಗ ತರತಾನ" ಅಂದ ಸಾಹೇಬ. "ಈ ನಿಯಮ ಎರಡೂ ಮಷೀನಿಗೆ ಒಂದ."

ನನಗ ಪಸಂದ್ ಬಿತ್ತು. ಅವತ್ತ ಹಳಿಯಾಳದ ಕಟ್ಟಿಗಿ ವ್ಯಾಪಾರಿ ಖೋಲಿ ಬೇಕಂತ ಬಂದ. ಖೋಲಿ ಎಲ್ಲಾ ಭರ್ತಿ. ಬಾಯಾರು ನೌಕರಿ ಚಿಂತ್ಯಾಗ ಪಡಸಾಲ್ಯಾಗ ಮಷೀನ್ ಬಿಟ್ಟು ಏಳತಿರಲಿಲ್ಲ. ಅವರ ಮಂಚ ಖಾಲಿನ ಇತ್ತು. ಅವರ ಚೀಲ ಒಯ್ದು ದನದ ಕೊಟ್ಟಿಗ್ಯಾಗ ಇಟ್ಟು, ವ್ಯಾಪಾರಿಯನ್ನ ಆ ಮಂಚದ ಮ್ಯಾಲೆ ಮಲಗಿಸಿದೆ.

ಸಂಜೀಕ ಬಾಯಾರು ಗಾಬರಿಯಿಂದ, "ಕಾಕಾ, ನನ್ನ ಚೀಲ?"

"ಈಗ ಕೇಳಿದ್ರಲ್ಲಾ, ಈಗ ಒಳಗ ತರತೇನ್ರಿ."

ತಂದು ಕೊಟ್ಟೆ. ಅವರು ಚೀಲದಾಗಿಂದ ಹೆಗಲ ಮ್ಯಾಲಿನ ಓಡಣಿ ಎತ್ತಿ ಹಿಡಿದು ನೋಡಿದ್ರು. "ಹೊರಗ ಇಟ್ಟದ್ದು ಹೆಂಗಿತ್ತೋ ಹಂಗ ವಾಪಸ್ ಬರಬೇಕು ಕಾಕಾ. ಇದರಾಗ ಅರ್ಧಾ ಎಮ್ಮೀ ಹೊಟ್ಯಾಗೈತಿ."

ಮಷೀನ್ ಎದ್ದದ್ದು

ಕೊನೇ ದಿವಸ ನಾ ಸೊಂಟದ ಮ್ಯಾಲೆ ಕೈ ಇಟ್ಟು ಹೇಳಿದೆ: "ಹಂಚೂ ನಿಯಮ ಒಂದ ಇರಲಿ, ಅಳತಿ ಮಾತ್ರ ಆಯಾ ಮಂಚಾನ ಹೇಳಲಿ." ಹಂಗ ಬರದ್ರು. ಸಾಹೇಬನ ಮಷೀನ್ ಎದ್ದಿತು. ಬಾಯಾರದು ಕರ್ರಗ ಕುಂತಿತ್ತು. ಎಲ್ಲಾರೂ ಅದನ್ನ ನೋಡಕೋತ ಕುಂತ್ವಿ. ನನ್ನ ಉಪ್ಪಿಟ್ಟು ಸೀದು ಹೋತು. ಅಷ್ಟರಾಗ ಪರದೇ ಮ್ಯಾಲೆ ಬಿಳಿ ಅಕ್ಷರ ಓಡಾಕ ಹತ್ತಿದ್ವು. "ನೌಕರಿ ಉಳೀತು!" ಅಂತ ಕೂಗಿ ಬಾಯಾರು ನನ್ನ ಕಾಲಿಗೆ ಬಿದ್ರು. ಹಿಂದ ಸಾಹೇಬನೂ ಬಿದ್ದ.

ಮೊನ್ನೆ ದಾಂಡೇಲಿ ಚಾದ ಅಂಗಡ್ಯಾಗ ಇದನ್ನ ಹೇಳಿ ಮುಗಿಸಿದೆ. ಮೂಲ್ಯಾಗ ಕುಂತಿದ್ದ ನನ್ನ ವಯಸ್ಸಿನ ವಾರಗಿಯವ ಒಬ್ಬ ಚಾದ ಬಸಿ ಕೆಳಗಿಟ್ಟ.

"ಯಾವ ಬಂಗ್ಲೆ? ಆ ಹೊಳೀ ದಂಡೀದೇನು?"

"ಹೌದ. ಅದ."

"ನಾ ಲೈನ್‌ಮನ್ ಇದ್ದೆ. ಅದಕ್ಕ ತಂತಿ ಎಳದಾಂವ ನಾನ, ಅದೂ ಎರಡು ಸಾವಿರ ಇಸ್ವಿ ದಾಟಿದ ಮ್ಯಾಲೆ. ಕರೆಂಟ್ ಇಲ್ಲದ ನಿನ್ನ ಮಷೀನ್ ಹೆಂಗ ಎದ್ದವೋ?"

ಅಂಗಡೀ ಮಂದಿಯೆಲ್ಲಾ ನನ್ನ ಕಡೆ ತಿರುಗಿದ್ರು. ನಾ ಭುಜ ಹಾರಿಸಿದೆ.

"ಕರೆಂಟಿನ ಖಾತೆ ನಂದಲ್ಲೋ ಮಾರಾಯಾ. ನಂದು ಮೆಮೊರಿ ಅಷ್ಟ."