ಜೋಜಪ್ಪನ ಕೋಲು, ತೆರೇಸಮ್ಮನ ಹೂವು

ಹೂವಿನವನಿಗೆ ಅವಮಾನ ಮಾತ್ರ ಯಾವ ಕಾಲದಲ್ಲೂ ಬಾಡದೆ ಸಿಗುತ್ತೆ. ಹೋಳೂರಿನ ನಮ್ಮ ತೋಟದಲ್ಲಿ ನಾನು ಕೆಮ್ಮಿದರೆ ಸಾಕು, ಮೊಗ್ಗು ಅರಳುತ್ತಿದ್ದವು. ಅಂಥವನಿಗೆ ಎರಡನೇ ಮಹಾಯುದ್ಧದ ವರ್ಷಗಳಲ್ಲಿ ಕೋಲಾರದ ಒಂದು ಚರ್ಚಿನಲ್ಲಿ ಆದ ಅನ್ಯಾಯ ಕೇಳಿ. ಅಲ್ಲಿನ ಹಬ್ಬಗಳಿಗೆಲ್ಲ ನನ್ನದೇ ಹೂವು. ಆದರೆ ಮಕ್ಕಳಿಗೆ ಜಪ ಕಲಿಸುವ ಉಪದೇಶಿಗೆ ಮಾಲೂರಿನಲ್ಲಿ ಗುಲಾಬಿ ತೋಟದ ಭಾವಮೈದುನನೊಬ್ಬ ಇದ್ದ. ನನ್ನ ಕೆಲಸ ಅವನಿಗೆ ಕೊಡಿಸಬೇಕೆಂದು ಉಪದೇಶಿಗೆ ಜಪಕ್ಕಿಂತ ಅದೇ ಧ್ಯಾನ.

೧. ಕೋಲು

ಸಂತ ಜೋಜಪ್ಪನ ಹಬ್ಬ. ಪಟದಲ್ಲಿ ಅವರ ಕೈಲಿ ಲಿಲ್ಲಿ ಹೂವು. ನಾನು ಸುಗಂಧರಾಜದ ಕಡ್ಡಿ ಕೊಟ್ಟೆ.

"ಲೇ, ಇದು ಲಿಲ್ಲಿ ಅಲ್ಲ ಕಣೋ," ಅಂದ ಉಪದೇಶಿ.

"ಬೆಳ್ಳಗಿಲ್ವಾ? ವಾಸನೆ ಇಲ್ವಾ? ಸಂತರು ಬೇಡ ಅಂದ್ರಾ?"

ಪರದೇಶದಿಂದ ಬಂದು ಪುಸ್ತಕದ ಕನ್ನಡ ಕಲಿತಿದ್ದ ಫಾದರ್ ನಡುವೆ ಬಂದರು. "ಬಿಳಿ ಹೂವು ನಿರ್ಮಲ ಮನಸ್ಸಿನ ಗುರುತು. ಇದೂ ಆಗುತ್ತದೆ. ಜೋಜಪ್ಪನವರ ಒಣಗಿದ ಕೋಲೇ ಹೂ ಬಿಟ್ಟಿತಂತೆ."

"ಅದೇನು ಮಹಾ ಸ್ವಾಮಿ. ನಾನು ನೆಲಕ್ಕೆ ಊರಿದ ಗುದ್ದಲಿ ಕಾವು ಮೂರೇ ದಿನಕ್ಕೆ ಚಿಗುರಿತ್ತು."

"ಹಾಗಾದರೆ ನೀವೂ ಸಂತರೋ?"

ಮನೆಯಲ್ಲಿ ಕೇಳಿ ಹೇಳ್ತೀನಿ ಅಂದೆ. ಕೇಳಿದೆ. ಹೆಂಡತಿ ಕೊಟ್ಟ ಉತ್ತರ ಚರ್ಚಿನಲ್ಲಿ ಹೇಳುವಂಥದ್ದಲ್ಲ.

೨. ಮಡಿಲು

ಫಾದರ್ ಇನ್ನೊಬ್ಬ ಸಂತಳ ಕಥೆ ಹೇಳಿದರು. ಎಲಿಜಬೆತ್ ಅಂತ ಒಬ್ಬ ರಾಣಿ. ಬಡವರಿಗೆಂದು ಮಡಿಲಲ್ಲಿ ರೊಟ್ಟಿ ಬಚ್ಚಿಟ್ಟು ಒಯ್ಯುತ್ತಿದ್ದಳಂತೆ. ಗಂಡ ತಡೆದು ನೋಡಿದರೆ ಬರೀ ಗುಲಾಬಿ. ಈ ಕಥೆ ಮನೆಯಲ್ಲಿ ಹೇಳಿದ್ದೇ ತಪ್ಪಾಯಿತು. ಮಾರನೇ ದಿನ ನನ್ನ ಹೆಂಡತಿ ಸೆರಗು ಮುಚ್ಚಿಕೊಂಡು ಹಿತ್ತಲಿಗೆ ಹೊರಟಿದ್ದಳು. ಅಲ್ಲಿ ಗೌನಿಪಲ್ಲಿಯಿಂದ ಬಂದ ಅವಳ ತಮ್ಮ ಕೂತಿದ್ದ.

"ಏನದು?"

"ಗುಲಾಬಿ."

ತೆಗೆಸಿದೆ. ನನ್ನ ಪಾಲಿನ ಮುದ್ದೆ, ಇನ್ನೂ ಹೊಗೆ ಆಡುತ್ತಿತ್ತು. ಅವಳು ಕಣ್ಣೂ ಮಿಟುಕಿಸದೆ ಅಂದಳು: "ಆಯಮ್ಮಂಗೆ ಸಿಕ್ಕಿದ ಗಂಡ ಒಳ್ಳೇವ್ನು. ಅದಕ್ಕೇ ಅಲ್ಲಿ ಪವಾಡ ಆಯ್ತು."

೩. ಚಿಕ್ಕ ಹೂವು

ಸಂತ ತೆರೇಸಮ್ಮನ ಹಬ್ಬ ಬಂತು. ಈ ಸಲ ಹೂವು ತಪ್ಪಿದರೆ ಮುಂದಿನ ವರ್ಷದಿಂದ ಮಾಲೂರಿನವನೇ ಅಂತ ಉಪದೇಶಿ ಫಾದರನ್ನು ಒಪ್ಪಿಸಿದ್ದ.

ಫಾದರ್ ಹೇಳಿದ್ದು ಇಷ್ಟೇ: "ಚಿಕ್ಕ ಹೂವು ಎಂದು ಹೆಸರಾದ ತಾಯಿ. ಆಕೆಯ ಹೂವು ಎರಡು ಬುಟ್ಟಿ ತನ್ನಿ."

ಚಿಕ್ಕ ಹೂವು ಅಂದರೆ ತುಂಬೆಗಿಂತ ಚಿಕ್ಕದು ಯಾವುದಿದೆ? ಹೆಂಡತಿ, ಅತ್ತಿಗೆ, ಗೌನಿಪಲ್ಲಿ ಭಾವಮೈದುನ, ಎಲ್ಲರನ್ನೂ ಬದುಗಳ ಮೇಲೆ ಕೂರಿಸಿದೆ. ಎರಡು ದಿನ ಬಗ್ಗಿ ಕಿತ್ತೆವು. ಬುಟ್ಟಿ ತುಂಬುವಷ್ಟರಲ್ಲಿ ಯಾರ ಸೊಂಟವೂ ನೆಟ್ಟಗಿರಲಿಲ್ಲ.

ಫಾದರ್ ಬುಟ್ಟಿ ನೋಡಿ ಬೆಪ್ಪಾದರು. "ಚಿಕ್ಕ ಹೂವು ಎಂದರೆ ಆ ತಾಯಿಯೇ. ಆಕೆಯ ಹೂವು ಗುಲಾಬಿ. ಸ್ವರ್ಗದಿಂದ ಗುಲಾಬಿ ಮಳೆ ಸುರಿಸುವವಳು."

"ಮಾಲೂರಿಗೆ ಆಳು ಕಳಿಸ್ಲಾ?" ಅಂದ ಉಪದೇಶಿ, ಹಲ್ಲು ಬಿಟ್ಟು.

ನನಗೆ ಉರಿದುಹೋಯಿತು. "ಪೆಟ್ರೋಲ್ ಇಲ್ದೆ ಇದ್ದಿಲು ಹೊಗೇಲಿ ತೆವಳೋ ಆ ಬಸ್ಸಲ್ಲಿ ಬರೋ ಗುಲಾಬಿ ಹಪ್ಪಳ ಆಗಿರುತ್ತೆ ಸ್ವಾಮಿ. ತಾನೇ ಗುಲಾಬಿ ಮಳೆ ಸುರಿಸೋ ತಾಯಿಗೆ ನಾವು ಗುಲಾಬಿ ಕೊಡೋದಾ? ಅವರ ಹತ್ರ ಇಲ್ದೇ ಇರೋದು ತುಂಬೆ. ನಮ್ಮ ಈಶ್ವರನಿಗೆ ಆಗೋ ಹೂವು ನಿಮ್ಮ ತಾಯಿಗೆ ಆಗಲ್ವಾ?"

ಫಾದರ್ ನಕ್ಕೇ ನಕ್ಕರು. ಇಡೀ ಪೀಠ ತುಂಬೆಯಿಂದ ಬೆಳ್ಳಗಾಯಿತು. ಹಬ್ಬಕ್ಕೆ ಬಂದವರೆಲ್ಲ ಇಂಥ ಅಲಂಕಾರ ಕಂಡಿಲ್ಲ ಅಂದರು. "ಇನ್ನು ಪ್ರತಿ ವರ್ಷ ನೀವೇ. ಇದೇ ಹೂವು, ನಾಲ್ಕು ಬುಟ್ಟಿ," ಎಂದರು ಫಾದರ್.

ಮೀಸೆ ತಿರುವಿಕೊಂಡು ಮನೆಗೆ ಬಂದು ಸುದ್ದಿ ಹೇಳಿದೆ. ಹೆಂಡತಿ ಸೊಂಟ ಹಿಡಿದುಕೊಂಡೇ ಎದ್ದು ಚಪ್ಪಲಿ ಮೆಟ್ಟಿದಳು.

"ಎಲ್ಲಿಗೆ?"

"ಮಾಲೂರಿಗೆ. ಆ ಗುಲಾಬಿಯೋನ ಕಾಲು ಹಿಡಿದಾದ್ರೂ ಒಪ್ಪಿಸಿ ಬರ್ತೀನಿ."