ಸೈಗಾನಿಗೆ ಹೋದ ಡಬ್ಬ

ನಮ್ಮ ದೊಡ್ಡಮ್ಮ ಸೈಗಾನ್ ನೋಡಿ ಬಂದರು ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಸೈಗಾನೇ ಅವರನ್ನು ನೋಡಿತು. ಅವರು ನೋಡಿದ್ದು ಮಡಿಲಲ್ಲಿದ್ದ ಪ್ಲಾಸ್ಟಿಕ್ ಡಬ್ಬವನ್ನು ಮಾತ್ರ!

ಹಾಸನದ ಕಡೆಯ ಈ ದೊಡ್ಡಮ್ಮ ಫ್ರೀಮಾಂಟಿನ ನಮ್ಮ ಮನೆಗೆ ಬಂದು ವರ್ಷಗಳಾದವು. ಗೋಲ್ಡನ್ ಗೇಟ್ ತೋರಿಸುತ್ತೇನೆ ಬನ್ನಿ ಎಂದರೆ, "ಸೇತುವೆ ತಾನೆ? ನಮ್ಮ ಹೇಮಾವತಿಗೂ ಐತೆ ಬಿಡ್ಲಾ" ಎಂದು ಕಾಲು ಚಾಚಿ ಕೂತವರು. ಅವರ ಪ್ರವಾಸವೆಲ್ಲ ಹಿತ್ತಲ ಬೇಲಿಯವರೆಗೆ.

ಬೇಲಿಯಾಚೆ ಒಬ್ಬ ವಿಯೆಟ್ನಾಮಿ ಅಜ್ಜಿ. ಇವರಿಗೆ ಕನ್ನಡ, ಅವರಿಗೆ ವಿಯೆಟ್ನಾಮಿ, ಇಂಗ್ಲಿಷ್ ಇಬ್ಬರಿಗೂ ಸೊನ್ನೆ. ಆದರೂ ದಿನಾ ಹರಟೆ! ಏನು ಮಾತಾಡುತ್ತಿದ್ದರೋ? ಅಳಿಲುಗಳನ್ನು ಇಬ್ಬರೂ ಒಟ್ಟಿಗೆ ಬೈಯುತ್ತಿದ್ದರು ಎಂಬುದಷ್ಟೇ ನನಗೆ ಖಚಿತ. ಬೇಲಿಯ ಮೇಲಿಂದ ಡಬ್ಬಗಳು ಓಡಾಡುತ್ತಿದ್ದವು. ಅತ್ತಿಂದ ಸೊಪ್ಪು, ಹಣ್ಣು. ಇತ್ತಿಂದ ಕೋಡುಬಳೆ, ಚಕ್ಕುಲಿ.

ಮೊದಲ ಸಲ ಅಜ್ಜಿ ನಮ್ಮ ಡಬ್ಬವನ್ನು ತೊಳೆದು ಖಾಲಿಯೇ ಕೊಟ್ಟಾಗ ದೊಡ್ಡಮ್ಮ ಪಾಠ ಶುರುಮಾಡಿದರು. "ಖಾಲಿ ಡಬ್ಬ ಕೊಡಬಾರ್ದು ಕಣವ್ವ. ಏನೂ ಇಲ್ದಿದ್ರೆ ಒಂದು ಚಿಟಿಕೆ ಸಕ್ಕರೆನಾರ ಹಾಕಬೇಕು." ಸಕ್ಕರೆ ತಂದು ಹಾಕಿಯೂ ತೋರಿಸಿದರು. ಅಜ್ಜಿ ಬಿದ್ದು ಬಿದ್ದು ನಕ್ಕರು. ಆಮೇಲೆ ಒಂದು ಡಬ್ಬವೂ ಖಾಲಿ ಬರಲಿಲ್ಲ.

ಹೋದ ವರ್ಷ ಅಜ್ಜಿ ಸೈಗಾನಿನ ಮಗಳ ಮನೆಗೆ ಹೊರಟುಹೋದರು. ಹಸಿರು ಮುಚ್ಚಳದ ಅವರ ಡಬ್ಬವೊಂದು ನಮ್ಮಲ್ಲೇ ಉಳಿಯಿತು. ಶುರುವಾಯಿತು ನೋಡಿ ನನ್ನ ಗ್ರಹಚಾರ!

"ಇನ್ನೊಬ್ರ ಡಬ್ಬ ಇಟ್ಕೊಂಡು ಕಣ್ಣು ಮುಚ್ಚಿದ್ರೆ ಮ್ಯಾಲೆ ಏನಂತ ಮುಖ ತೋರ್ಸಲಿ?"

"ಜಸ್ಟ್ ಮೇಲ್ ಇಟ್!" ಎಂದಳು ನನ್ನ ಮಗಳು. ಪೋಸ್ಟಲ್ಲಿ ಕಳಿಸಿಬಿಡಿ ಅಂತಾಳೆ ಎಂದು ನಾನು ದೊಡ್ಡಮ್ಮನಿಗೆ ಹೇಳಿದೆ.

"ಡಬ್ಬ ಪೋಸ್ಟಲ್ಲಿ ಹೋಯ್ತದೆ. ನಾನು ಹೋಯ್ತೀನಾ?"

ಸರಿ, ಊರಿಗೆ ಹೋಗುವ ದಾರಿಯಲ್ಲಿ ನಾನೂ ದೊಡ್ಡಮ್ಮನೂ ಸೈಗಾನಿನಲ್ಲಿ ಇಳಿಯುವುದೆಂದಾಯಿತು. ಏರ್‌ಪೋರ್ಟಿನ ಸೆಕ್ಯೂರಿಟಿಯವನು ಕೋಡುಬಳೆ ತುಂಬಿದ್ದ ಡಬ್ಬವನ್ನು ತೆರೆಸಿದ. ದೊಡ್ಡಮ್ಮ ಒಂದು ಕೋಡುಬಳೆ ಚಾಚಿದರು. ಅವನು ಕೈ ಹಿಂದಕ್ಕೆಳೆದುಕೊಂಡ. "ಬಿಪಿ ಇರಬೇಕು, ಪಾಪ" ಎಂದು ಮರುಗಿದರು.

ಅಜ್ಜಿಯ ಮಗಳಿಗೆ ಭಾನುವಾರವೇ ಬಿಡುವಂತೆ. ಅಲ್ಲಿಯವರೆಗೆ ಊರು ಸುತ್ತಿದೆವು. ಅದೇನು ಗಿಜಿಗಿಜಿ ಅಂತೀರಿ! ರಸ್ತೆ ತುಂಬ ಬೈಕುಗಳು. ಒಂದರ ಮೇಲೆ ಇಡೀ ಸಂಸಾರ, ಇನ್ನೊಂದರ ಮೇಲೆ ಫ್ರಿಜ್ಜು. ದೊಡ್ಡಮ್ಮನ ಕಣ್ಣು ಮಾತ್ರ ಡಬ್ಬದ ಮೇಲೆ. ಹಳೆಯ ಅಂಚೆ ಕಚೇರಿಯ ಎದುರು ಡಬ್ಬ, ನದಿಯ ದೋಣಿಯಲ್ಲಿ ಡಬ್ಬ. ನನ್ನ ಅಷ್ಟೂ ಫೋಟೋಗಳಲ್ಲಿ ಹಸಿರು ಮುಚ್ಚಳ ಮುಂದೆ, ಸೈಗಾನ್ ಹಿಂದೆ! ಮಾರ್ಕೆಟ್ಟಿನಲ್ಲಿ ಒಬ್ಬಾಕೆ ಕನಿಕರಪಟ್ಟು ಹೊಸ ಡಬ್ಬವೊಂದನ್ನು ತೋರಿಸಿದಳು. "ಇದು ನಂದಲ್ಲ ಕಣಮ್ಮ" ಎಂದು ದೊಡ್ಡಮ್ಮ ಹಳೆಯದನ್ನು ಸೆರಗಿನಲ್ಲಿ ಮುಚ್ಚಿಕೊಂಡರು.

ಭಾನುವಾರ ಬಂತು. ಅಜ್ಜಿಯ ಓಣಿಗೆ ಕಾರು ಹೋಗುವುದಿಲ್ಲವೆಂದು ಬಾಡಿಗೆ ಬೈಕುಗಳನ್ನು ಹತ್ತಿದೆವು. ಸವಾರ ಕೊಟ್ಟ ಹೆಲ್ಮೆಟ್ಟನ್ನು ದೊಡ್ಡಮ್ಮ ಡಬ್ಬದ ಮೇಲೆ ಬೋರಲು ಹಾಕಿದರು.

"ದೊಡ್ಡಮ್ಮಾ, ಅದು ತಲೆಗೆ!"

"ನನ್ನ ತಲೆ ಗಟ್ಟಿ ಐತೆ ಕಣ್ಲಾ. ಕೋಡುಬಳೆ ಪುಡಿಯಾಯ್ತದೆ!"

ತಲೆ ಗಟ್ಟಿ ಎಂಬುದರಲ್ಲಿ ನನಗೂ ಅನುಮಾನವಿರಲಿಲ್ಲ. ಕೊನೆಗೆ ಸವಾರನೇ ಕೈಮುಗಿದು ಹೆಲ್ಮೆಟ್ಟು ಹಾಕಿಸಿದ.

ಬಾಗಿಲಲ್ಲೇ ಅಜ್ಜಿಯ ಮಗಳು ಮೆಲ್ಲಗೆ ಇಂಗ್ಲಿಷಿನಲ್ಲಿ ಹೇಳಿದಳು: ಅಮ್ಮನಿಗೆ ಮರೆವು, ಈಗೀಗ ನನ್ನನ್ನೂ ಗುರುತಿಸುವುದಿಲ್ಲ. ನಾನು ದೊಡ್ಡಮ್ಮನಿಗೆ ತಿಳಿಸಿದೆ. ಅವರು ಒಳಗೆ ಹೋಗಿ ಅಜ್ಜಿಯ ಎದುರು ಕೂತರು. ಅಜ್ಜಿ ಯಾರನ್ನೋ ನೋಡುವಂತೆ ನೋಡಿದರು. ದೊಡ್ಡಮ್ಮ ಇಲ್ಲದ ಅಳಿಲನ್ನು ಕೈಯೆತ್ತಿ ಬೈದು ತೋರಿಸಿದರು. ಊಹೂಂ. ಇಷ್ಟು ದೂರ ಬಂದದ್ದು ಇದಕ್ಕೇನಾ?

ದೊಡ್ಡಮ್ಮ ಡಬ್ಬವನ್ನು ಅಜ್ಜಿಯ ಮಡಿಲಿಗಿಟ್ಟರು. ಅಜ್ಜಿ ಮುಚ್ಚಳ ತೆಗೆದು, ಕೋಡುಬಳೆಗಳನ್ನು ಒಂದೊಂದಾಗಿ ಮುಂದಿದ್ದ ತಟ್ಟೆಗೆ ಹಾಕಿದರು. ಖಾಲಿ ಡಬ್ಬವನ್ನು ಬಹಳ ಹೊತ್ತು ನೋಡಿದರು. ಆಮೇಲೆ ಮೇಜಿನ ಮೇಲಿದ್ದ ಸಕ್ಕರೆ ಬಟ್ಟಲಿಗೆ ಕೈ ಹಾಕಿ, ಒಂದು ಚಿಟಿಕೆ ತೆಗೆದು ಡಬ್ಬದೊಳಗೆ ಉದುರಿಸಿ, ಮುಚ್ಚಳ ಒತ್ತಿ, ದೊಡ್ಡಮ್ಮನ ಕೈಗೆ ಕೊಟ್ಟರು.

ಯಾವುದಕ್ಕೂ ಜಗ್ಗದ ನಮ್ಮ ದೊಡ್ಡಮ್ಮ ಆ ಕೈ ಹಿಡಿದುಕೊಂಡು ಅತ್ತುಬಿಟ್ಟರು. ನನ್ನ ಕಣ್ಣೂ ತುಂಬಿತು.

"ಡಬ್ಬ ಮತ್ತೆ ನಮ್ಮ ತಲೆಗೇ ಬಂತಲ್ಲ ದೊಡ್ಡಮ್ಮಾ?" ಎಂದೆ ಓಣಿ ದಾಟುವಾಗ.

ಸೆರಗಿನಿಂದ ಮುಖ ಒರೆಸಿಕೊಂಡು ಅಂದರು: "ಬರ್ಲಿ ಬಿಡ್ಲಾ. ಮುಂದಿನ ಸಲ ಚಕ್ಕುಲಿ ಮಾಡಾನ."