ಆರೋಗ್ಯವಂತ ಮೂಗು ಬೇಕಾಗಿದೆ

ಮೂಗು ಕಟ್ಟಿದಾಗ ಬಿಟ್ಟುಕೊಳ್ಳುವ ಡ್ರಾಪ್ಸನ್ನು ವಾರಕ್ಕಿಂತ ಹೆಚ್ಚು ಬಿಟ್ಟುಕೊಂಡರೆ, ಆಮೇಲೆ ಮೂಗು ಕಟ್ಟುವುದು ನೆಗಡಿಯಿಂದಲ್ಲ, ಆ ಡ್ರಾಪ್ಸಿನಿಂದಲೇ. ಇದನ್ನು ಡಬ್ಬಿಯೊಳಗೆ ಮಡಿಸಿಟ್ಟ ಕಾಗದದಲ್ಲಿ ಇರುವೆ ಕಾಲಿನಷ್ಟು ಸಣ್ಣ ಅಕ್ಷರಗಳಲ್ಲಿ ಅಚ್ಚು ಹಾಕಿರುತ್ತಾರೆ. ಡಬ್ಬಿ ಬಿಚ್ಚಿದ ಕೂಡಲೇ ನಾವು ಎಸೆಯುವುದು ಮೊದಲು ಆ ಕಾಗದವನ್ನೇ. (ಅಚ್ಚು ಹಾಕಿದವರಿಗೂ ಇದು ಗೊತ್ತು. ಓದಲಿ ಎಂಬ ಆಸೆ ಇದ್ದಿದ್ದರೆ ಒಂದು ಭೂತಗನ್ನಡಿಯನ್ನೂ ಜೊತೆಗಿಡುತ್ತಿದ್ದರು.)

ಮಧುಗಿರಿಯ ಮಲ್ಲಿಕಾರ್ಜುನಯ್ಯನವರು ಆ ಕಾಗದವನ್ನು ಎಸೆದು ಬಹಳ ವರ್ಷಗಳಾಗಿದ್ದವು. ಸರ್ಕಾರಿ ಕಚೇರಿಯೊಂದರಲ್ಲಿ ಗುಮಾಸ್ತರು. ಜೇಬಿನಲ್ಲಿ ಪೆನ್ನಿಲ್ಲದೆ ಕಚೇರಿಗೆ ಹೋದದ್ದುಂಟು, ಡ್ರಾಪ್ಸಿಲ್ಲದೆ ಹೊಸಿಲು ದಾಟಿದ್ದಿಲ್ಲ. ಹೊತ್ತುಹೊತ್ತಿಗೆ ತಲೆಯನ್ನು ಹಿಂದಕ್ಕೆ ಚೆಲ್ಲಿ, ಸೂರಿನತ್ತ ದೃಷ್ಟಿ ನೆಟ್ಟು, ಎರಡೂ ಹೊಳ್ಳೆಗೆ ಹನಿ ಬಿಟ್ಟುಕೊಂಡು, 'ಹಾ' ಎಂದು ಅವರು ಇಹಲೋಕಕ್ಕೆ ಮರಳುವುದನ್ನು ಹೊಸಬರು ಯಾರಾದರೂ ನೋಡಿದರೆ ಕಾಲಿಗೆ ಬೀಳಬೇಕು.

ಆ ಮನೆಯಲ್ಲಿ ರಾಜ್ಯಭಾರ ಮಾಡುತ್ತಿದ್ದದ್ದು ಮಲ್ಲಿಕಾರ್ಜುನಯ್ಯನವರಲ್ಲ, ಅವರ ಮೂಗು. ಅದು ಒಪ್ಪದ ಕಾರಣ ಒಳಗೆ ಊದುಬತ್ತಿ ನಿಷಿದ್ಧ. ಮೆಣಸಿನಕಾಯಿ ಹುರಿಯುವುದು ಹಿತ್ತಲಲ್ಲಿ. ಕಸ ಗುಡಿಸುವುದು ಯಜಮಾನರು ಕಚೇರಿಗೆ ಹೊರಟ ಮೇಲೆ. ಜೇಡರ ಬಲೆ, ಫ್ಯಾನಿನ ಧೂಳು, ಅಟ್ಟದ ಹಳೇ ಹಾಸಿಗೆ ಎಲ್ಲವೂ ಹೆಂಡತಿ ಗಂಗಾಂಬಿಕಮ್ಮನ ಪಾಲು. ಆಕೆ ಒಗ್ಗರಣೆಗೆ ಎಣ್ಣೆ ಕಾಯಿಸಿದರೆ ಸಾಕು, ಇವರು ಬೀದಿಗಿಳಿದು, ಕೊರಟಗೆರೆ ದಿಕ್ಕಿಗೆ ತಿರುಗಿ ನಿಂತು ಸಿದ್ದರಬೆಟ್ಟದ ಗಿಡಮೂಲಿಕೆಯ ಗಾಳಿ ಸೇವಿಸುತ್ತಿದ್ದರು. (ಬೆಟ್ಟ ಅಲ್ಲಿಂದ ಕಾಣುವುದಿಲ್ಲ. ಸಿಗುತ್ತಿದ್ದದ್ದು ಬಸ್‌ಸ್ಟ್ಯಾಂಡಿನ ಗಾಳಿ.)

ಈ ಸಾಮ್ರಾಜ್ಯಕ್ಕೆ ಕುತ್ತು ಬಂದದ್ದು ಹುಣಸೆಹಣ್ಣಿನಿಂದ.

ಗಂಗಾಂಬಿಕಮ್ಮನ ತವರು ಪಾವಗಡದ ಕಡೆ ಕ್ಯಾತಗಾನಚೆರ್ಲು. ಅಣ್ಣಂದಿರು ಹೊಲವನ್ನು ಸೋಲಾರಿನವರಿಗೆ ಗುತ್ತಿಗೆ ಕೊಟ್ಟಿದ್ದರೂ ಮನೆ ಹಿಂದಿನ ಹುಣಸೆಮರ ಮಾತ್ರ ತಂಗಿಯ ಹೆಸರಿನಲ್ಲೇ ಕಾಯಿ ಬಿಡುತ್ತಿತ್ತು. ಶಿವರಾತ್ರಿ ಕಳೆಯಿತೆಂದರೆ ಮೂಟೆಗಳು ಬಂದಿಳಿಯುತ್ತವೆ. ಓಡು ಬಡಿದು, ನಾರು ಎಳೆದು, ಮರದ ಕೊಡತಿಯಲ್ಲಿ ಕುಟ್ಟಿ ಬೀಜ ಬಿಡಿಸಿ, ಉಪ್ಪು ಬೆರೆಸಿ ಮಡಕೆಗೆ ತುಂಬುವಷ್ಟರಲ್ಲಿ ಯುಗಾದಿ ಬಂದಿರುತ್ತದೆ. ಅಷ್ಟು ದಿನವೂ ಹಿತ್ತಲಿನ ಕಂದು ಧೂಳಿನಲ್ಲಿ ಗಂಗಾಂಬಿಕಮ್ಮ ಕಣ್ಣಿಗೆ ಕಾಣುತ್ತಿರಲಿಲ್ಲ. ಕುಟ್ಟುವ ಸದ್ದು ಕೇಳಿಸಿದರೆ ಆಕೆ ಇದ್ದಾರೆ ಎಂದು ಅರ್ಥ.

ಈ ವರ್ಷ ಆಕೆ ಕೊಡತಿಯನ್ನು ತಂದು ಗಂಡನ ಮುಂದೆ ಇಟ್ಟರು.

"ಈ ಸಲ ನೀವೂ ಕೂತ್ಕಳಿ."

"ನಾನಾ? ನನ್ನ ಮೂಗು ಗೊತ್ತಿಲ್ವೇನೇ ನಿಂಗೆ?"

"ಗೊತ್ತಿಲ್ದೆ ಏನು. ಇಷ್ಟು ವರ್ಷ ಸಂಸಾರ ಮಾಡಿರೋದೇ ಅದ್ರ ಜೊತೆ."

"ಈ ಧೂಳು ಒಳಗೆ ಹೋದ್ರೆ ಆಪರೇಷನ್ನೇ ಗತಿ."

"ಯಾವ ಡಾಕ್ಟ್ರು ಹೇಳವ್ರೆ?"

ಯಾವ ಡಾಕ್ಟರೂ ಹೇಳಿರಲಿಲ್ಲ. ಈ ವಿಷಯದಲ್ಲಿ ಅವರ ಏಕೈಕ ತಜ್ಞ ಮೆಡಿಕಲ್ ಸ್ಟೋರಿನ ತಿಪ್ಪೇಶ. ಅವನು ಹೇಳುತ್ತಿದ್ದದ್ದೂ 'ಇನ್ನೊಂದು ಬಾಟ್ಲು ಕೊಡ್ಲಾ ಸಾರ್' ಎಂದಷ್ಟೇ.

ಆಗ ಕಾಂಪೌಂಡಿನಾಚೆಯಿಂದ ಪಕ್ಕದ ಮನೆಯ ರಾಧಾಮಣಿಯ ತಲೆ ಮೇಲೆದ್ದಿತು. "ಗಂಗಕ್ಕ, ಸಮುದಾಯ ಭವನಕ್ಕೆ ಮೂಗಿನ್ ಡಾಕ್ಟ್ರು ಬಂದವ್ರಂತೆ. ಏನೋ ರಿಸರ್ಚಂತೆ. ಮೂಗಿನೊಳ್ಗೆ ಕ್ಯಾಮೆರಾ ಬುಟ್ಟು ಟೀವೀಲಿ ತೋರುಸ್ತಾರಂತೆ."

"ಸರಿ ಹೋಯ್ತು ಬುಡು," ಎಂದರು ಗಂಗಾಂಬಿಕಮ್ಮ. "ಕಾಯಿಲೆ ಅಂತ ಅವ್ರಂದ್ರೆ ನಾನು ಹುಣ್ಸೆಹಣ್ಣಿನ ಮಾತೇ ಎತ್ತಲ್ಲ. ಇಲ್ಲ ಅಂದ್ರೆ ಈ ಕೊಡತಿ ನಿಮ್ದು, ಅರ್ಧ ಹಣ್ಣು ನೀವೇ ಕುಟ್ಬೇಕು. ಒಪ್ಗೆನಾ?"

ಮಲ್ಲಿಕಾರ್ಜುನಯ್ಯನವರು ಸಂತೋಷದಿಂದಲೇ ಒಪ್ಪಿದರು. ತಮ್ಮ ಮೂಗಿನ ಯೋಗ್ಯತೆ ಕಡೆಗೂ ವೈದ್ಯಲೋಕದ ಕಿವಿಗೆ ಬೀಳುವ ಕಾಲ ಬಂತೆಂದು ಇಸ್ತ್ರಿ ಮಾಡಿದ ಅಂಗಿ ತೊಟ್ಟು ಹೊರಟರು. ಹಿಂದೆಯೇ ಗಂಗಾಂಬಿಕಮ್ಮ, ರಾಧಾಮಣಿ.

ಸಮುದಾಯ ಭವನದಲ್ಲಿದ್ದದ್ದು ಡಾಕ್ಟರ್ ಆರ್ಜೂ. ಶಿರಾದ ಹುಡುಗಿ, ಮೆಡಿಕಲ್ ಕಾಲೇಜಿನಲ್ಲಿ ಮೂಗಿನ ರೋಗಗಳ ಮೇಲೆ ಸಂಶೋಧನೆ ಮಾಡುತ್ತಿದ್ದರು.

"ನಮ್ ಮೂಗೊಳಗೆ ಕಾವಲುಗಾರರು ಇರ್ತಾರೆ ಸಾರ್," ಎಂದು ಅವರು ವಿವರಿಸಿದರು. "ಧೂಳು ಬಂದ್ರೆ ಓಡ್ಸಿ ಸುಮ್ನಾಗ್ತಾರೆ. ಕೆಲವ್ರ ಮೂಗಲ್ಲಿ ಸುಮ್ನಾಗೋದೇ ಮರ್ತು ದಿನಾ ಜಗಳಕ್ಕೆ ನಿಲ್ತಾರೆ. ಒಂದೇ ಮನೆ, ಒಂದೇ ಧೂಳು, ಆದ್ರೂ ಒಬ್ರಿಗೆ ಹಂಗೆ, ಒಬ್ರಿಗೆ ಹಿಂಗೆ. ಯಾಕೆ ಅಂತ ನೋಡ್ತಿದ್ದೀವಿ. ಅದಕ್ಕೆ ಕಾಯಿಲೆ ಇರೋರ ಜೊತೆಗೆ ಅದೇ ಮನೆಯ ಆರೋಗ್ಯವಂತರೂ ಒಬ್ರು ಬೇಕು."

ಮಲ್ಲಿಕಾರ್ಜುನಯ್ಯನವರು ಬಾಗಿಲ ಬಳಿ ನಿಂತಿದ್ದ ಹೆಂಡತಿಯನ್ನು ತೋರಿಸಿದರು. ಸೆರಗಿನಲ್ಲಿ ಹುಣಸೆಯ ಧೂಳು ಇನ್ನೂ ಹಾಗೇ ಇತ್ತು. "ಇವಳೇ ಇದ್ದಾಳಲ್ಲ. ನೆಗಡಿ ಅಂತ ಒಂದಿನ ಮಲಗಿದೋಳಲ್ಲ. ಕರಿಕಲ್ಲು."

"ಏನೂ ತೊಂದ್ರೆ ಇಲ್ವಾಮ್ಮ?" ಎಂದು ಡಾಕ್ಟರ್ ಗಂಗಾಂಬಿಕಮ್ಮನನ್ನು ಕೇಳಿದರು.

ಉತ್ತರ ಕೊಟ್ಟವರು ಮಲ್ಲಿಕಾರ್ಜುನಯ್ಯನವರು. (ನಮ್ಮಲ್ಲಿ ಡಾಕ್ಟರು ಹೆಂಡತಿಯನ್ನು ಕೇಳಿದರೆ ಗಂಡ ಹೇಳುವುದು ಸಂಪ್ರದಾಯ.) "ಮೈಗೇನಿಲ್ಲ ಡಾಕ್ಟ್ರೇ, ಸ್ವಭಾವನೇ ಸ್ವಲ್ಪ ವಿಚಿತ್ರ. ಒಂದು ಲೋಟ ಕಾಫಿ ಕಾಯ್ಸಿದ್ರೂ ಸಿಲಿಂಡರಿನ ರೆಗ್ಯುಲೇಟರ್ ಆಫ್ ಮಾಡ್ತಾಳೆ, ಸಾರಿಗೆ ಮತ್ತೆ ಆನ್ ಮಾಡ್ತಾಳೆ. ಅದು ಸವೆದೇ ಹೋಯ್ತು. ನಿನ್ನೆದು ಪಲ್ಯ ಉಳಿದಿದ್ರೆ ಗಂಡನಿಗಿಂತ ಮೊದ್ಲು ತಾನು ಉಣ್ತಾಳೆ. ಹಾಲಿನ ಪಾತ್ರೆ ಹಿಡ್ಕೊಂಡು ಈ ರಾಧಾಮಣಿ ಮನೆಗೆ ಹೋಗ್ತಾಳೆ, ಅದೇ ಹಾಲು ವಾಪಸ್ ತರ್ತಾಳೆ. ಯಾಕೆ ಅಂದ್ರೆ, ಸುಮ್ನೆ ಅಂತಾಳೆ."

ಡಾಕ್ಟರ್ ಆರ್ಜೂ ಬರೆಯುತ್ತಿದ್ದ ಕೈ ನಿಲ್ಲಿಸಿ ಗಂಗಾಂಬಿಕಮ್ಮನ ಕಡೆ ನೋಡಿದರು. ಆಕೆ ಫ್ಯಾನಿನ ಕಡೆ ನೋಡುತ್ತಿದ್ದರು. ರಾಧಾಮಣಿಗೆ ಇದ್ದಕ್ಕಿದ್ದಂತೆ ಕೆಮ್ಮು ಬಂತು.

ಮೊದಲು ಮಲ್ಲಿಕಾರ್ಜುನಯ್ಯನವರ ಸರದಿ. ಪರದೆಯ ಮೇಲೆ ಕೆಂಪಗೆ ಊದಿಕೊಂಡ ಗುಹೆ ಮೂಡಿತು. ಅದರ ಭವ್ಯತೆಗೆ ಅವರಿಗೇ ರೋಮಾಂಚನವಾಯಿತು.

"ಡ್ರಾಪ್ಸ್ ಎಷ್ಟು ವರ್ಷದಿಂದ ಸಾರ್?"

ಅವರು ಜೇಬಿನಿಂದ ಬಾಟಲಿ ತೆಗೆದು, ಪದಕದಂತೆ ಎತ್ತಿ ತೋರಿಸಿದರು. "ಮಗಳು ಹುಟ್ಟೋಕೆ ಮುಂಚಿನಿಂದ."

"ಹಂಗಾದ್ರೆ ಇದು ಕಾಯಿಲೆ ಅಲ್ಲ ಸಾರ್, ಚಟ. ನಾನು ಕೊಡೋ ಸ್ಪ್ರೇ ಹಾಕ್ಕೊಂಡು ಇದನ್ನ ಬಿಡಿ. ಸ್ವಲ್ಪ ದಿನ ಒದ್ದಾಡ್ತೀರಾ, ಆಮೇಲೆ ಮೂಗು ತಾನೇ ಬಿಟ್ಕೊಳುತ್ತೆ."

"ಅಂದ್ರೆ ರಿಸರ್ಚಿಗೆ?"

"ಬರಲ್ಲ ಸಾರ್."

"ಆರೋಗ್ಯವಂತರ ಲೆಕ್ಕಕ್ಕೆ?"

"ಅದಕ್ಕೂ ಬರಲ್ಲ. ಡ್ರಾಪ್ಸ್ ಕೆಡ್ಸಿದೆಯಲ್ಲ."

ರೋಗಿಯೂ ಅಲ್ಲದೆ ನಿರೋಗಿಯೂ ಅಲ್ಲದೆ ತ್ರಿಶಂಕುವಾದ ಮಲ್ಲಿಕಾರ್ಜುನಯ್ಯನವರ ಬೆನ್ನಿಗೆ ರಾಧಾಮಣಿಯ ದನಿ ತಾಗಿತು: "ಅಣ್ಣಾರ್ ಮೂಗು ಫೇಲಾ ಅಕ್ಕ?"

"ಎರಡೂ ಕ್ಲಾಸ್‌ನಲ್ಲಿ," ಎಂದರು ಗಂಗಾಂಬಿಕಮ್ಮ.

ಆಮೇಲೆ ಡಾಕ್ಟರ್ ಗಂಗಾಂಬಿಕಮ್ಮನ ಕಣ್ಣಿಗೆ ಬಟ್ಟೆ ಕಟ್ಟಿ, ಮೂಗಿನ ಕೆಳಗೆ ಒಂದೊಂದೇ ಶೀಶೆ ಹಿಡಿದು, ಒಳಗೇನಿದೆ ಹೇಳಿ ಎಂದರು.

"ಒಂದ್ಸಲ ಕೈಗೆ ಕೊಡವ್ವ." ಗಂಗಾಂಬಿಕಮ್ಮ ಶೀಶೆಯನ್ನು ಕಿವಿಯ ಹತ್ತಿರ ಅಲ್ಲಾಡಿಸಿದರು. "ಲವಂಗ."

ಸರಿಯಾಗಿತ್ತು. ಮುಂದಿನದನ್ನೂ ಅಲ್ಲಾಡಿಸಿ, ಅಂಗೈಯಲ್ಲಿ ತೂಗಿ ನೋಡಿದರು. "ಸದ್ದಿಲ್ಲ, ಹಗೂರ ಐತೆ. ಕಾಫಿಪುಡಿ."

"ನೋಡಿದ್ರಾ," ಎಂದು ಮಲ್ಲಿಕಾರ್ಜುನಯ್ಯನವರು ಎದೆಯುಬ್ಬಿಸಿದರು. ಮನೆತನದ ಮರ್ಯಾದೆ ಹೆಂಡತಿಯ ಮೂಗಿನಲ್ಲಾದರೂ ಉಳಿಯಿತಲ್ಲ.

ಡಾಕ್ಟರ್ ಆರ್ಜೂ ಇಂಗಿನ ನೀರಿನಲ್ಲಿ ಹತ್ತಿ ಅದ್ದಿ, ಆಕೆಯ ಮೂಗಿನ ಕೆಳಗೆ ಹಿಡಿದು ನಿಂತರು. ಭವನದ ತುಂಬ ಇಂಗು. ರಾಧಾಮಣಿ ಸೆರಗು ಮುಚ್ಚಿಕೊಂಡಳು. ಆಗಷ್ಟೇ ಹನಿ ಬಿಟ್ಟುಕೊಂಡಿದ್ದ ಮಲ್ಲಿಕಾರ್ಜುನಯ್ಯನವರಿಗೂ ಅದು ನೆತ್ತಿಗೇರಿತು. ಗಂಗಾಂಬಿಕಮ್ಮ ಕಟ್ಟಿದ ಕಣ್ಣಿನಲ್ಲೇ, ಪರೀಕ್ಷೆಗೆ ಕೂತ ಮಗುವಿನಂತೆ ಮುಖವೆತ್ತಿ ಕಾಯುತ್ತಿದ್ದರು.

"ಇನ್ನೂ ತರ್ಲಿಲ್ವೇನಮ್ಮ?" ಎಂದರು ಆಕೆ.

ಕ್ಯಾಮೆರಾ ಒಳಗೆ ಹೋಯಿತು. ಪರದೆಯ ಮೇಲೆ ಸಿಪ್ಪೆ ಸುಲಿದ ದ್ರಾಕ್ಷಿಯಂಥ ಬಿಳಿಚಿದ ಗೊಂಚಲುಗಳು, ಎರಡೂ ಕಡೆ, ಗಾಳಿಗೂ ಜಾಗವಿಲ್ಲದಷ್ಟು. "ದುರ್ಮಾಂಸ ಬೆಳೆದಿದೆ," ಎಂದರು ಡಾಕ್ಟರ್. "ಜಗಳ ನಿಲ್ಲದ ಮೂಗು ಇದೇ ಸಾರ್. ವಾಸನೆ ಹೋಗಿ ಎಷ್ಟು ಕಾಲ ಆಯ್ತಮ್ಮ?"

"ನಮ್ ಮಗ್ಳು ಲೋಹಿತ ಹೈಸ್ಕೂಲಿಗೆ ಸೇರ್ದಾಗಿಂದ. ಈಗವ್ಳು ಡಿಗ್ರಿ."

ಮಲ್ಲಿಕಾರ್ಜುನಯ್ಯನವರು ಕುರ್ಚಿಯಲ್ಲಿ ಕೂತರು. ರೆಗ್ಯುಲೇಟರು, ಪಲ್ಯ, ಹಾಲಿನ ಪಾತ್ರೆ, ಎಲ್ಲ ಒಂದೊಂದಾಗಿ ಬಂದು ಅವರೆದುರು ನಿಂತವು. ಗ್ಯಾಸು ಸೋರಿದರೆ ತಿಳಿಯುವುದಿಲ್ಲವೆಂದು ಆಕೆ ರೆಗ್ಯುಲೇಟರು ಮುಚ್ಚುತ್ತಿದ್ದದ್ದು. ಹಳಸಿದೆಯೋ ಇಲ್ಲವೋ ತಿಳಿಯದೆ ಮೊದಲ ತುತ್ತನ್ನು ತಾನೇ ಉಣ್ಣುತ್ತಿದ್ದದ್ದು. ಹಾಲು ಕೆಟ್ಟಿದೆಯೇ ಎಂದು ರಾಧಾಮಣಿಯಿಂದ ಮೂಸಿಸುತ್ತಿದ್ದದ್ದು.

"ನಂಗ್ಯಾಕೆ ಹೇಳ್ಲಿಲ್ವೇ?"

"ಹೇಳಿದ್ರೆ ಏನ್ ಮಾಡ್ತಿದ್ರಿ?" ಕಣ್ಣಿನ ಬಟ್ಟೆ ಬಿಚ್ಚುತ್ತಾ ಗಂಗಾಂಬಿಕಮ್ಮ ಹೇಳಿದರು. "ಒಂದು ಮನೇಲಿ ಎಷ್ಟು ಮೂಗು ಅಂತ ನೋಡ್ಕಳಕ್ಕಾಯ್ತದೆ."

ಡಾಕ್ಟರ್ ಆರ್ಜೂ ನಿಟ್ಟುಸಿರು ಬಿಟ್ಟರು. "ಇದೇ ನನ್ ಗೋಳು ಸಾರ್. ಬಂದ ಗಂಡಸ್ರೆಲ್ಲ ಆರೋಗ್ಯವಂತರು ಅಂತ ಹೆಂಡ್ತೀರ್ನೇ ಕರ್ಕೊಂಡ್ಬರ್ತಾರೆ. ಕ್ಯಾಮೆರಾ ಹಾಕಿದ್ರೆ ಒಂದಲ್ಲ ಒಂದಿರುತ್ತೆ. ಒಂದು ಸರಿಯಾದ ಮೂಗು ಸಿಗದೆ ನನ್ ರಿಸರ್ಚೇ ನಿಂತೋಗಿದೆ." ಸ್ಪ್ರೇ, ಉಪ್ಪುನೀರಿನ ತೊಳೆತ ಹೇಳಿಕೊಟ್ಟು, ಅದಕ್ಕೆ ಬಗ್ಗದಿದ್ದರೆ ಆಪರೇಷನ್ ಎಂದರು. ಕೊನೆಗೆ, ಆಕೆಯ ಸೆರಗಿನ ಧೂಳು ನೋಡಿ, "ಧೂಳಿನ ಹತ್ರ ಸುಳೀಬಾರ್ದು. ಹುಣ್ಸೆಹಣ್ಣು ಮುಟ್ಟಲೇಬೇಡಿ ಅಮ್ಮ," ಎಂದರು.

ಹೀಗಾಗಿ ಪಂದ್ಯದಲ್ಲಿ ಅರ್ಧ ಹುಣಸೆಹಣ್ಣು ಸೋಲಬೇಕಾಗಿದ್ದ ಮಲ್ಲಿಕಾರ್ಜುನಯ್ಯನವರು ಪೂರ್ತಿ ಮೂಟೆಗಳನ್ನು ಸೋತರು. ಡ್ರಾಪ್ಸ್ ಬಿಟ್ಟ ಮೊದಲ ದಿನಗಳಲ್ಲಿ ಬಾಯಿಯಿಂದ ಉಸಿರಾಡುತ್ತಾ ಹಿತ್ತಲಲ್ಲಿ ಕುಟ್ಟಿದರು. ಗಂಗಾಂಬಿಕಮ್ಮ ಕಿಟಕಿಯೊಳಗಿನಿಂದ, "ಅಲ್ಲೊಂದು ಬೀಜ ಉಳೀತು ನೋಡಿ," ಎಂದು ಮಾರ್ಗದರ್ಶನ ಮಾಡಿದರು. ಮೂಗು ಬಿಟ್ಟುಕೊಂಡ ದಿನ ಅವರು ಹಿಗ್ಗಿ ಬೀದಿಗೆಲ್ಲ ಹೇಳಬೇಕೆಂದಿದ್ದರು. ಬಾಯಿ ತೆರೆಯುವ ಮೊದಲೇ ಅಡುಗೆಮನೆಯಿಂದ ಕರೆ ಬಂತು: "ರೀ, ಬಂದು ಈ ಹಾಲು ಮೂಸಿ." ಅಂದಿನಿಂದ ಅವರು ಆ ಮನೆಯ ಅಧಿಕೃತ ಮೂಗು. ಹಾಲು, ಹಿಟ್ಟು, ಗ್ಯಾಸು, ಸೀದ ಅನ್ನ, ಟೀವಿಯಲ್ಲಿ ವಾರ್ತೆ ನೋಡುತ್ತಿದ್ದರೂ ಎದ್ದು ಬರಬೇಕು. ರಾಧಾಮಣಿ ಕೂಡ ಕಾಂಪೌಂಡಿನ ಮೇಲೆ ಮೊಸರಿನ ಗಡಿಗೆ ಇಟ್ಟು ಕಾಯುತ್ತಾಳೆ. ಒಗ್ಗರಣೆಯನ್ನೂ ಈಗ ಅವರೇ ಹಾಕುತ್ತಾರೆ, ಸೀನುತ್ತಾ.

ಕೆಲವು ವಾರ ಸ್ಪ್ರೇ ಹೊಡೆದುಕೊಂಡ ಮೇಲೆ ಒಂದು ಬೆಳಗ್ಗೆ ಗಂಗಾಂಬಿಕಮ್ಮ ತಟ್ಟನೆ ನಿಂತರು. "ರೀ, ಏನೋ ವಾಸ್ನೆ ಬಂದಂಗಾಯ್ತು ಕಣ್ರೀ."

ಮಲ್ಲಿಕಾರ್ಜುನಯ್ಯನವರ ಕೈಯಲ್ಲಿದ್ದ ಸೌಟು ಹಾಗೇ ನಿಂತಿತು. "ಏನು ಗಂಗಾ? ಒಗ್ಗರಣೇದಾ?"

ಆಕೆ ಹತ್ತಿರ ಬಂದು, ಕಣ್ಣು ಮುಚ್ಚಿ, ಮತ್ತೊಮ್ಮೆ ಎಳೆದುಕೊಂಡರು. ಎಷ್ಟೋ ವರ್ಷಗಳ ಮೇಲೆ ಅರಳಿದ ಮುಖ.

"ನಿಮ್ ಟವಲ್ಲು," ಎಂದರು. "ಥೂ, ಒಗ್ದಾಕಿ ಅದನ್ನ."

ಗಂಡಸಿನ ಸೀನಿಗೆ ಮನೆಯವರೆಲ್ಲ ಎದ್ದು ನಿಲ್ಲುವ ಊರು ಇದು. ಹೆಂಗಸಿನ ಮೂಗು ನೆನಪಾಗುವುದು ನತ್ತು ಕೊಳ್ಳುವ ದಿನ ಮಾತ್ರ. ಇಷ್ಟು ಹೊತ್ತು ಮಲ್ಲಿಕಾರ್ಜುನಯ್ಯನವರನ್ನು ನೋಡಿ ನಕ್ಕವರು ಈಗ ಎದ್ದೇಳಿ. ಕಾಫಿ ಆಮೇಲೆ ಕುಡಿಯಬಹುದು. ಅಡುಗೆಮನೆಗೆ ಹೋಗಿ, ನಿಮಗೆ ಅನ್ನ ಬೇಯಿಸುವಾಕೆಯನ್ನು ಕೂರಿಸಿ, ನಿನಗೆ ವಾಸನೆ ಬರುತ್ತದೆಯೇ ಎಂದು ಕೇಳಿ. ಕೇಳಿದ ಮೇಲೆ ಬಾಯಿ ಮುಚ್ಚಿಕೊಂಡು ನಿಂತಿರಿ. ಉತ್ತರವನ್ನು ಆಕೆಯೇ ಹೇಳಲಿ.